ಸ್ಮರಣೆ ಮತ್ತು ಹೊಸ ರಚನೆ: ಕಲ್ಯಾಣ–ಮಾಣಿಕನಗರಗಳ ಸಂಗೀತಾಶ್ರಯ

ಸಂಗೀತಗಾರನ ಸ್ಮರಣೆಯನ್ನು ಉಳಿಸಲು ಎರಡು ಮಾರ್ಗಗಳುಂಟು: ಅವನ ಕೃತಿಗಳನ್ನು ಮರಳಿ ಹಾಡುವುದು, ಅವನ ಹೆಸರಿನಲ್ಲಿ ಹೊಸ ಕೃತಿಯನ್ನು ರಚಿಸುವಂತೆ ಮಾಡುವುದು. ಅಮೆರಿಕದ ಜಾಝ್ ಸಂಯೋಜಕ ಮ್ಯಾನಿ ಆಲ್ಬಮ್ (1922–2001) ಅವರ ಹೆಸರಿನಲ್ಲಿ ಉದಯೋನ್ಮುಖ ಸಂಯೋಜಕರಿಗೆ ಧನಸಹಾಯವಿತ್ತು ಹೊಸ ರಚನೆ ಮಾಡಿಸಿದ ಕ್ರಮವು ಎರಡನೆಯದಕ್ಕೆ ನಿದರ್ಶನ. ಬೀದರ ಜಿಲ್ಲೆಯ ಇತಿಹಾಸದಲ್ಲಿಯೂ ಇವೆರಡರ ಕುರುಹುಗಳಿವೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಶ್ರಯದಾತನಾದ ಅರಸನೇ ಶಾಸ್ತ್ರಕಾರನೂ ಆಗಿದ್ದನು. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಗೀತ, ವಾದ್ಯ, ನೃತ್ಯಗಳನ್ನು ವಿನೋದಗಳೆಂದು ವಿವರಿಸುತ್ತದೆ, ಅವನ ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯನ್ನು ರಚಿಸಿದನು.

ಏಳು ಶತಮಾನಗಳ ತರುವಾಯ ಇದೇ ಪರಿಸರದಲ್ಲಿ ಗುರುಪೀಠವೊಂದು ಸಂಗೀತದ ಆಶ್ರಯವಾಯಿತು. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿ, 1865ರಲ್ಲಿ ಸಮಾಧಿಸ್ಥರಾದರು. ಅವರು ಮರಾಠಿ, ಹಿಂದಿ, ಕನ್ನಡ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಪೀಠದ ಉತ್ತರಾಧಿಕಾರಿಗಳಾದ ಮಾರ್ತಾಂಡ ಮಾಣಿಕಪ್ರಭುಗಳು (1860–1936) ತಾವೂ ಪದಕಾರರಾಗಿದ್ದರು. ದತ್ತಜಯಂತಿಯ ಉತ್ಸವದಲ್ಲಿ ಕಲಾವಿದರು ಸಂಗೀತಸೇವೆ ಸಲ್ಲಿಸುವ ಸಂಪ್ರದಾಯವೂ ಬೆಳೆದುಬಂದಿತು.

ಇಲ್ಲಿ ಒಂದು ಅಂಶ ಗಮನಾರ್ಹ. ಹೊಸ ಪದವು ಮುಖ್ಯವಾಗಿ ಗುರುಪರಂಪರೆಯೊಳಗೇ ಹುಟ್ಟಿತು. ಹೊರಗಿನಿಂದ ಬಂದ ಕಲಾವಿದರ ಪಾಲಿಗೆ ದೊರೆತದ್ದು ಹಾಡುವ ಸೇವೆ. ಆಶ್ರಯವು ಗಾಯನಕ್ಕಷ್ಟೇ ಸೀಮಿತವಾದರೆ ಪರಂಪರೆ ಉಳಿಯುತ್ತದೆ, ಬೆಳೆಯುವುದಿಲ್ಲ. ಮಾಡಿ ಮುಗಿಸಿದ ಸಾಧನೆಗೆ ಸಲ್ಲುವ ಪ್ರಶಸ್ತಿಗಳೊಂದಿಗೆ, ಇನ್ನೂ ಕಟ್ಟಬೇಕಾದ ಪದಕ್ಕೂ ಸ್ಮಾರಕ ನಿಧಿಗಳು ಮೀಸಲಾಗಬೇಕು. ಭಜನಾಮಂಡಳಿಗಳ ಯುವ ಪದಕಾರರಿಗೆ ಅಂತಹ ನೆರವು ದೊರೆತಾಗ ಮಾತ್ರ ಮಾಣಿಕಪ್ರಭುಗಳ ಬಹುಭಾಷಿಕ ಪದಪರಂಪರೆಗೆ ನಾಳೆಯೂ ಹೊಸ ಪದ ಸೇರೀತು.