ಕ್ಯಾಸನೂರಿನ ಕಾಡಿನಲ್ಲಿ ಒಂದು ವೈರಾಣುವಿನ ಬೇರು ಹುಡುಕಿದವರು

1957ರಲ್ಲಿ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ನ್ಯಾಮತಿ ಹೊನ್ನಾಳಿಗೆ ಸೇರಿತ್ತು, ಜಗಳೂರು ಚಿತ್ರದುರ್ಗದ್ದಾಗಿತ್ತು. ಇವೆಲ್ಲ ದಾವಣಗೆರೆ ಜಿಲ್ಲೆಗೆ ಬಂದದ್ದು 1997ರಲ್ಲಿ. ಆ ಹಳೆಯ ಶಿವಮೊಗ್ಗ ಜಿಲ್ಲೆಯ ಪಡುವಣ ಮಗ್ಗುಲಲ್ಲಿ, ಸೊರಬ–ಸಾಗರದ ಕಾಡಂಚಿನ ಹಳ್ಳಿಗಳಲ್ಲಿ, 1957ರ ಬೇಸಗೆಯಲ್ಲಿ ಜನ ಜ್ವರದಿಂದ ಮಲಗತೊಡಗಿದರು. ಕಾಡಿನಲ್ಲಿ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳುತ್ತಿದ್ದವು.

ಸುದ್ದಿ ಪುಣೆಗೆ ಮುಟ್ಟಿದಾಗ ಅಲ್ಲಿನ ವಿಜ್ಞಾನಿಗಳಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಮನುಷ್ಯರನ್ನೂ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಕೊಲ್ಲುವ ಆ ರೋಗ ಏಷ್ಯಾದಲ್ಲಿ ಎಂದೂ ನೆಲೆಯೂರಿರಲಿಲ್ಲ. ಅದೇ ಬಂದಿದ್ದರೆ ದೇಶಕ್ಕೇ ಗಂಡಾಂತರ. ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ತೆರೆದಿದ್ದವು. ಈಗ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಆಗ ಅದರ ನಿರ್ದೇಶಕರಾಗಿದ್ದ ಟೆಲ್‌ಫೋರ್ಡ್ ವರ್ಕ್ ತಂಡ ಕಟ್ಟಿಕೊಂಡು ಬಂದರು. ಸತ್ತ ಮಂಗಗಳ ಅಂಗಾಂಶದಿಂದ ವೈರಾಣುವನ್ನು ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಾಣುವಿನ ದಾಯಾದಿ. ಸೊರಬದ ಕಾಡಿನ ಹೆಸರೇ ಅದಕ್ಕೆ ನಿಂತಿತು: ಕ್ಯಾಸನೂರು ಕಾಡಿನ ಕಾಯಿಲೆ. ಜನ ಕರೆದದ್ದು ಮಂಗನ ಕಾಯಿಲೆ ಎಂದು.

ರಷ್ಯದ ವೈರಾಣುವಿನ ನೆಂಟ ಮಲೆನಾಡಿಗೆ ಹೇಗೆ ಬಂತು? ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಮೈಮೇಲಿನ ರಕ್ತ ಹೀರುವ ಉಣ್ಣೆ ಹುಳುಗಳೊಂದಿಗೆ ತಂದಿರಬಹುದೆಂಬ ಊಹೆ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ದಾರಿಯ ಬಗ್ಗೆ ದೇಶ ಬಹಳ ಕಲಿತಿತು. ರೋಗವನ್ನು ಹಕ್ಕಿಗಳೇ ತಂದವೆಂಬುದಕ್ಕೆ ಮಾತ್ರ ಸಾಕ್ಷಿ ಸಿಗಲಿಲ್ಲ.

ಉತ್ತರದ ಹೆಚ್ಚಿನ ಪಾಲು ನೆಲದ ಮೇಲೇ ಇತ್ತು. ಪುಣೆಯ ಕೇಂದ್ರದ ಕೀಟವಿಜ್ಞಾನಿಗಳು ಸಾಗರದಲ್ಲಿ ಬೀಡುಬಿಟ್ಟು ವರ್ಷಗಟ್ಟಲೆ ಉಣ್ಣೆ ಆಯ್ದರು, ಇಲಿ–ಸೊಂಡಿಲಿ ಹಿಡಿದರು, ರಕ್ತ ಪರೀಕ್ಷಿಸಿದರು. ಇದು ಜೀವದ ಹಂಗು ತೊರೆದ ಕೆಲಸ. ಪ್ರಯೋಗಾಲಯದಲ್ಲೇ ಸೋಂಕು ತಗಲಿಸಿಕೊಂಡವರು ಹಲವರು. ಕೊನೆಗೆ ಸರಪಳಿ ಸ್ಪಷ್ಟವಾಯಿತು. ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ. ಅದರ ಮರಿಗಳು ಕಾಡಿನ ಸಣ್ಣ ಪ್ರಾಣಿಗಳನ್ನೂ ಮಂಗಗಳನ್ನೂ ಕಚ್ಚುತ್ತವೆ. ಸೋಂಕು ತಗಲಿದ ಮಂಗ ಸತ್ತು ಬಿದ್ದಾಗ ಅದರ ಮೈಯಿಂದ ಕಳಚಿದ ಉಣ್ಣೆಗಳು ಸುತ್ತಲ ತರಗೆಲೆಯಲ್ಲಿ ಹರಡುತ್ತವೆ. ಸೌದೆಗೆ, ದರಗಿಗೆ ಹೋದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಡಿಸೆಂಬರಿನಿಂದ ಮೇ ತನಕ, ಮರಿ ಉಣ್ಣೆಗಳ ಕಾಲದಲ್ಲಿ, ರೋಗ ಏರುವುದು ಇದರಿಂದಲೇ.

ದೊಡ್ಡ ಉಣ್ಣೆಗೆ ಬೇಕಾದದ್ದು ದನ. 1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಬರೆದ ಪ್ರಬಂಧ ಇದನ್ನೇ ಒತ್ತಿ ಹೇಳಿತು: ಕಾಡು ಕಡಿದು ಗದ್ದೆ ಮಾಡಿದೆವು, ಉಳಿದ ಕಾಡಿಗೆ ದನ ಬಿಟ್ಟೆವು, ಲಂಟಾನ ಹಬ್ಬಿತು, ಉಣ್ಣೆ ಹೆಚ್ಚಿತು, ಸದ್ದಿಲ್ಲದೆ ಇದ್ದ ವೈರಾಣು ಸಿಡಿದೆದ್ದಿತು. ವೈರಾಣು ಹೊಸದಲ್ಲ ಎನ್ನುವುದಕ್ಕೆ ಬೇರೆ ಸುಳಿವುಗಳೂ ಇವೆ. 1957ಕ್ಕೂ ಹಿಂದೆ ಪುಣೆಯವರು ನಡೆಸಿದ ರಕ್ತ ಸಮೀಕ್ಷೆಯಲ್ಲಿ ಕಚ್ಛ್, ಸೌರಾಷ್ಟ್ರದ ಕೆಲವರಲ್ಲಿ ಇದೇ ಗುಂಪಿನ ವೈರಾಣುಗಳಿಗೆ ಪ್ರತಿಕಾಯ ಕಂಡಿತ್ತು. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಾಣು ಇದರ ಒಡಹುಟ್ಟು. ಇವೆರಡೂ ಕವಲೊಡೆದು ಸುಮಾರು 700 ವರ್ಷಗಳಾಗಿರಬಹುದೆಂದು 2011ರ ವಂಶವಾಹಿ ಅಧ್ಯಯನವೊಂದು ಲೆಕ್ಕ ಹಾಕಿತು.

ಬೋಶೆಲ್ ಮಾತಿನ ತೂಕ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯಲ್ಲಿ ಗೊತ್ತಾಯಿತು. ಗೇರು ತೋಟಕ್ಕೆಂದು ಕಾಡು ಕಡಿದ ಕಡೆಯಲ್ಲಿ ರೋಗ ಭುಗಿಲೆದ್ದು ನೂರಾರು ಜನ ಹಾಸಿಗೆ ಹಿಡಿದರು. ಮುಂದೆ 2012ರ ಕೊನೆಗೆ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. 2019ರಲ್ಲಿ ಮತ್ತೆ ಸಾಗರಕ್ಕೇ, ಅರಳಗೋಡಿಗೆ ಮರಳಿ ಜೀವ ತೆಗೆಯಿತು.

ಈ ಉಣ್ಣೆಯ ಮನೆ ತೇವದ ಕಾಡು. ಇಂದಿನ ದಾವಣಗೆರೆ ಜಿಲ್ಲೆಯ ಮಟ್ಟಿಗೆ, ಜಗಳೂರಿನ ಒಣ ಕುರುಚಲು ಅದಕ್ಕೆ ಬೇರೆಯೇ ಸೀಮೆ. ಹೊನ್ನಾಳಿ–ನ್ಯಾಮತಿ ಹಾಗಲ್ಲ, ಮೊದಲ ವರ್ಷಗಳಲ್ಲೇ ರೋಗ ಕಂಡ ಶಿಕಾರಿಪುರ ಅವುಗಳ ನೆರೆ ತಾಲ್ಲೂಕು. ವರ್ಷಗಟ್ಟಲೆ ಮಲೆನಾಡಿಗರಿಗೆ ಕೊಟ್ಟ ಹಳೆಯ ಲಸಿಕೆ ಸಾಮರ್ಥ್ಯ ಕಳೆದುಕೊಂಡಿತೆಂದು 2022ರಲ್ಲಿ ನಿಂತುಹೋಯಿತು. ಹೀಗಾಗಿ ಡಿಸೆಂಬರಿನಿಂದ ಮೇ ತನಕ ಘಟ್ಟದ ಕಾಡಿಗೆ ಕೆಲಸಕ್ಕೆ ಹೋಗುವವರು ಆರೋಗ್ಯ ಇಲಾಖೆ ಹಂಚುವ ಉಣ್ಣೆ ನಿವಾರಕ ತೈಲ ಹಚ್ಚಿಕೊಂಡೇ ಹೋಗಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಅಂದೇ ತಿಳಿಸಲಿ.