ಎಂಗಲ್‌ವುಡ್‌ನ ಹೋಲ್ ಫುಡ್ಸ್ ಮಳಿಗೆ

ಅಮೆರಿಕದ ಶಿಕಾಗೊ ನಗರದ ದಕ್ಷಿಣ ಭಾಗದ ಎಂಗಲ್‌ವುಡ್ ಬಡಾವಣೆಯಲ್ಲಿ 2016ರ ಸೆಪ್ಟೆಂಬರ್ 28ರಿಂದ 2022ರ ನವೆಂಬರ್‌ವರೆಗೆ ನಡೆದ ದಿನಸಿ ಮಳಿಗೆ. ಸಾವಯವ ಪದಾರ್ಥಗಳಿಗೂ ದುಬಾರಿ ಬೆಲೆಗೂ ಹೆಸರಾದ ಹೋಲ್ ಫುಡ್ಸ್ ಮಾರ್ಕೆಟ್ ಕಂಪನಿಯನ್ನು ಬಡವರೇ ಹೆಚ್ಚಾಗಿರುವ ಬಡಾವಣೆಗೆ ಕರೆತರಲು ನಗರಾಡಳಿತ ಸಾರ್ವಜನಿಕ ಹಣ ಸುರಿದ ಕಾರಣ ಈ ಮಳಿಗೆ ದೇಶದ ಗಮನ ಸೆಳೆಯಿತು. ಆರು ವರ್ಷ ತುಂಬಿದ ಕೆಲವೇ ವಾರಗಳಲ್ಲಿ ಅದು ಮುಚ್ಚಿದ್ದರಿಂದ, ಅಂಗಡಿ ತರಿಸಲು ಬಯಸುವ ಊರುಗಳೆಲ್ಲ ಓದಬೇಕಾದ ಪಾಠವೂ ಆಯಿತು.

ಹಿನ್ನೆಲೆ

63ನೇ ರಸ್ತೆ ಮತ್ತು ಹಾಲ್‌ಸ್ಟೆಡ್ ರಸ್ತೆ ಕೂಡುವ ಜಾಗ ಒಂದು ಕಾಲಕ್ಕೆ ಶಿಕಾಗೊದ ನಡುಪೇಟೆಯನ್ನು ಬಿಟ್ಟರೆ ಅತಿ ಹೆಚ್ಚು ವ್ಯಾಪಾರ ನಡೆಯುತ್ತಿದ್ದ ಕೂಡುರಸ್ತೆ. ಸಿಯರ್ಸ್ ಕಂಪನಿ 1934ರಲ್ಲಿ ಇಲ್ಲಿ ದೊಡ್ಡ ಮಳಿಗೆಯನ್ನೇ ಕಟ್ಟಿತ್ತು. 1960ರಲ್ಲಿ ಎಂಗಲ್‌ವುಡ್‌ನ ಜನಸಂಖ್ಯೆ 97,000 ದಾಟಿತ್ತು. 2010ರ ಹೊತ್ತಿಗೆ ಸುಮಾರು 30,600ಕ್ಕೆ ಇಳಿಯಿತು. ಕಪ್ಪುಜನರು ನೆಲೆಸಲು ಬಂದಂತೆ ಬಿಳಿಯರು ಮನೆ ಮಾರಿ ಉಪನಗರಗಳಿಗೆ ಹೋದರು. ಕಪ್ಪುಜನರಿರುವ ಬೀದಿಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ ಅಲ್ಲಿಗೆ ಗೃಹಸಾಲ ಕೊಡದಿರುವ ಪದ್ಧತಿ ಆಗ ಅಮೆರಿಕದ ನಗರಗಳಲ್ಲೆಲ್ಲ ನಡೆದಿತ್ತು. ಸಾಲವಿಲ್ಲದೆ ಮನೆಗಳು ಹಾಳಾದವು, ಜನರ ಹಿಂದೆಯೇ ಅಂಗಡಿಗಳೂ ಹೊರಟವು. ಈ ಬಡಾವಣೆ ತಾನಾಗಿಯೇ ಬಡವಾಯಿತು ಎಂದು ಬರೆಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಉಳಿದವು ಮದ್ಯ, ಚಿಪ್ಸ್, ಸಿಗರೇಟು ಮಾರುವ ಮೂಲೆ ಅಂಗಡಿಗಳು ಮತ್ತು ಕೆಲವು ಅಗ್ಗದ ದಿನಸಿ ಮಳಿಗೆಗಳು. ಹಸಿರು ಸೊಪ್ಪು, ತಾಜಾ ಮಾಂಸ, ಒಳ್ಳೆಯ ಹಣ್ಣು ಬೇಕಾದವರು ಬಸ್ಸು ಹಿಡಿದು ಬೇರೆ ಬಡಾವಣೆಗೆ ಹೋಗಬೇಕಿತ್ತು. ಇಂಥ ಪ್ರದೇಶಗಳನ್ನು ಅಮೆರಿಕದಲ್ಲಿ ‘ಆಹಾರದ ಮರುಭೂಮಿ’ ಎನ್ನುತ್ತಾರೆ.

ಮಳಿಗೆ ಬಾರದಿರಲು ಕಾರಣ

ದೊಡ್ಡ ಕಂಪನಿಗಳು ಹೊಸ ಜಾಗವನ್ನು ಲೆಕ್ಕ ಹಾಕಿಯೇ ಆರಿಸುತ್ತವೆ. ಹೋಲ್ ಫುಡ್ಸ್ ತನಗೆ ಎಂಥ ಜಾಗ ಬೇಕೆಂದು ಬಹಿರಂಗವಾಗಿಯೇ ಪ್ರಕಟಿಸಿತ್ತು: ಕಾರಿನಲ್ಲಿ ಇಪ್ಪತ್ತು ನಿಮಿಷದ ಸುತ್ತಳತೆಯಲ್ಲಿ 2 ಲಕ್ಷ ಜನ, 25,000ದಿಂದ 50,000 ಚದರ ಅಡಿ ಕಟ್ಟಡ, ಕಾಲೇಜು ಓದಿದವರ ದೊಡ್ಡ ಸಂಖ್ಯೆ, ಧಾರಾಳ ಪಾರ್ಕಿಂಗ್, ಸಿಗ್ನಲ್ ದೀಪವಿರುವ ಕೂಡುರಸ್ತೆ. ಈ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಕಾಲೇಜು ಪದವಿ. ಸಾವಯವ ಪದಾರ್ಥಕ್ಕೆ ಹೆಚ್ಚು ದುಡ್ಡು ಕೊಡುವ ಗಿರಾಕಿಯನ್ನು ಕಂಪನಿಗಳು ಆದಾಯಕ್ಕಿಂತ ಓದಿನಿಂದ ಚೆನ್ನಾಗಿ ಗುರುತಿಸುತ್ತವೆ. ದಿನಸಿ ವ್ಯಾಪಾರದಲ್ಲಿ ಉಳಿಯುವ ಲಾಭ ನೂರಕ್ಕೆ ಒಂದೆರಡು ರೂಪಾಯಿಯಷ್ಟೇ ಆದ್ದರಿಂದ, ಗಿರಾಕಿಗಳ ಸಂಖ್ಯೆ ಸ್ವಲ್ಪ ತಪ್ಪಿದರೂ ಮಳಿಗೆ ನಷ್ಟಕ್ಕೆ ಬೀಳುತ್ತದೆ.

ಎಂಗಲ್‌ವುಡ್ ಈ ಹೆಚ್ಚು ತೂಕದ ಅಂಶದಲ್ಲೇ ಸೋಲುತ್ತಿತ್ತು. ಆದರೆ ಇಂಥ ಪಟ್ಟಿಗಳಿಗೆ ಒಂದು ಕುರುಡೂ ಇದೆ. ಬಡಾವಣೆಯವರು ಹೊರಗೆ ಹೋಗಿ ಮಾಡುವ ಖರ್ಚು ಅವುಗಳಲ್ಲಿ ಕಾಣುವುದಿಲ್ಲ. ಮನೆಗಳು ಒತ್ತಾಗಿರುವ ಕಡೆ ತಲಾ ಆದಾಯ ಕಡಿಮೆಯಿದ್ದರೂ ಒಂದು ಚದರ ಮೈಲಿಯ ಒಟ್ಟು ಖರೀದಿ ಶಕ್ತಿ ಸಿರಿವಂತ ಉಪನಗರವನ್ನು ಮೀರುವುದುಂಟು. ಅಂಗಡಿ ಬೇಕೆನ್ನುವ ನಿವಾಸಿ ಸಂಘಗಳು ಬೇಡಿಕೆ ಪತ್ರದ ಜೊತೆ ಈ ಲೆಕ್ಕವನ್ನೂ ಮುಂದಿಟ್ಟರೆ ಕಂಪನಿಯವರು ಕಿವಿಗೊಡುತ್ತಾರೆ.

ಕರೆತಂದ ಬಗೆ

ದಾರಿ ತೋರಿಸಿದ್ದು ಡೆಟ್ರಾಯಿಟ್. ಅಲ್ಲಿನ ಕೊನೆಯ ದೊಡ್ಡ ದಿನಸಿ ಸರಣಿ ಫಾರ್ಮರ್ ಜಾಕ್ 2007ರಲ್ಲಿ ಬಾಗಿಲು ಹಾಕಿತ್ತು. 2013ರ ಜೂನ್ 5ರಂದು ಹೋಲ್ ಫುಡ್ಸ್ ಆ ನಗರದ ಮಿಡ್‌ಟೌನ್‌ನಲ್ಲಿ 21,000 ಚದರ ಅಡಿಯ ಮಳಿಗೆ ತೆರೆಯಿತು. ಮುಂದಿನ ತಿಂಗಳೇ ನಗರಾಡಳಿತ ದಿವಾಳಿ ಅರ್ಜಿ ಸಲ್ಲಿಸಿತು. ವ್ಯಾಪಾರ ಮಾತ್ರ ನಿರೀಕ್ಷೆ ಮೀರಿ ನಡೆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಿಕಾಗೊದ ಆಗಿನ ಮೇಯರ್ ರಾಮ್ ಇಮ್ಯಾನುಯೆಲ್ ಮತ್ತು ಕಂಪನಿಯ ಸಹ ಮುಖ್ಯ ಕಾರ್ಯನಿರ್ವಾಹಕ ವಾಲ್ಟರ್ ರಾಬ್ ಎಂಗಲ್‌ವುಡ್ ಮಳಿಗೆಯನ್ನು ಘೋಷಿಸಿದರು.

ನಗರ ಕೊಟ್ಟ ನೆರವು 1.07 ಕೋಟಿ ಡಾಲರ್. ಇದು ‘ತೆರಿಗೆ ಏರಿಕೆ ನಿಧಿ’ಯಿಂದ ಬಂದದ್ದು. ಒಂದು ಪ್ರದೇಶವನ್ನು ಗುರುತಿಸಿ, ಆ ವರ್ಷದ ಆಸ್ತಿ ಮೌಲ್ಯವನ್ನು ಬುಡವಾಗಿ ಇಟ್ಟುಕೊಂಡು, ಮುಂದೆ ಮೌಲ್ಯ ಏರಿದಂತೆ ಹೆಚ್ಚಾಗುವ ತೆರಿಗೆಯನ್ನು ಅದೇ ಪ್ರದೇಶದ ಕೆಲಸಕ್ಕೆಂದು ಬೇರೆಯಾಗಿ ತೆಗೆದಿಡುವುದು ಇದರ ಕ್ರಮ. ಹಾಗೆ ತೆಗೆದಿಟ್ಟಷ್ಟು ದಿನ ಆ ಹಣ ಶಾಲೆ, ಉದ್ಯಾನಗಳಿಗೆ ಹೋಗುವುದಿಲ್ಲ. ಡಿಎಲ್3 ರಿಯಾಲ್ಟಿ ಸಂಸ್ಥೆ ಬಹುಕಾಲ ಖಾಲಿ ಬಿದ್ದಿದ್ದ ಜಾಗದಲ್ಲಿ ‘ಎಂಗಲ್‌ವುಡ್ ಸ್ಕ್ವೇರ್’ ಸಂಕೀರ್ಣ ಕಟ್ಟಿತು. ಎದುರಿಗೇ 2007ರಲ್ಲಿ ಹೊಸ ಕಟ್ಟಡಕ್ಕೆ ಬಂದಿದ್ದ ಕೆನಡಿ-ಕಿಂಗ್ ಕಾಲೇಜು ಇತ್ತು. ಸ್ಟಾರ್‌ಬಕ್ಸ್ ಮತ್ತು ಚಿಪೋಟ್ಲೆ ಕೂಡ ಸಂಕೀರ್ಣಕ್ಕೆ ಬಂದವು.

ನಿವಾಸಿಗಳು ಸುಮ್ಮನೆ ಕಾಯುತ್ತ ಕೂರಲಿಲ್ಲ. ಕೆಲಸಗಳು ಸ್ಥಳೀಯರಿಗೇ ಸಿಗಬೇಕು, ಇಲ್ಲಿಯ ಸಣ್ಣ ಉತ್ಪಾದಕರ ಸರಕು ಕಪಾಟಿನಲ್ಲಿ ಇರಬೇಕು, ಬೆಲೆ ಕೈಗೆಟಕಬೇಕು ಎಂದು ಸಭೆಗಳಲ್ಲಿ ಪಟ್ಟು ಹಿಡಿದರು. ಸುಮಾರು ನೂರು ಕೆಲಸಗಳು ಹುಟ್ಟಿದವು. ಸ್ಥಳೀಯರು ಮಾಡಿದ ಸರಕಿಗೆ ಜಾಗ ಸಿಕ್ಕಿತು. ಹಾಲು, ಮೊಟ್ಟೆಯಂಥ ದಿನಬಳಕೆಯ ಪದಾರ್ಥಗಳನ್ನು ನಗರದ ಇತರ ಹೋಲ್ ಫುಡ್ಸ್‌ಗಳಿಗಿಂತ ಕಡಿಮೆ ಬೆಲೆಗೆ ಇಡಲಾಯಿತು. ಈ ಹಕ್ಕೊತ್ತಾಯವೇ ಪ್ರಸಂಗದ ಅತ್ಯಂತ ಬೆಲೆಬಾಳುವ ಭಾಗ. ಅದು ಇಲ್ಲದಿದ್ದರೆ ಸಹಾಯಧನ ಪಡೆದ ಕಟ್ಟಡವೊಂದು ಮಾತ್ರ ಉಳಿಯುತ್ತಿತ್ತು.

ಮುಚ್ಚುವಿಕೆ

2017ರಲ್ಲಿ ಅಮೆಜಾನ್ 1,370 ಕೋಟಿ ಡಾಲರ್‌ಗೆ ಹೋಲ್ ಫುಡ್ಸ್ ಅನ್ನು ಕೊಂಡಿತು. ಎಂಗಲ್‌ವುಡ್‌ಗೆ ಮಾತು ಕೊಟ್ಟಿದ್ದ ರಾಬ್ ಅದಕ್ಕೂ ಮೊದಲೇ ಹುದ್ದೆ ಬಿಟ್ಟಿದ್ದರು. 2022ರ ಏಪ್ರಿಲ್ ಕೊನೆಯಲ್ಲಿ ಕಂಪನಿ ದೇಶದಲ್ಲಿ ಆರು ಮಳಿಗೆಗಳನ್ನು ಮುಚ್ಚುವುದಾಗಿ ತಿಳಿಸಿತು. ಅದರಲ್ಲಿ ಎಂಗಲ್‌ವುಡ್ ಒಂದು. ಅದೇ ವಸಂತದಲ್ಲಿ ಶಿಕಾಗೊದ ನಡುಪೇಟೆಗೆ ಹತ್ತಿರ ಇದಕ್ಕಿಂತ ಎಷ್ಟೋ ದೊಡ್ಡ ಮಳಿಗೆಯನ್ನು ಅದು ತೆರೆದಿತ್ತು. ಎಂಗಲ್‌ವುಡ್‌ನವರಿಗೆ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದುವುದು ನೋವಿನ ಸಂಗತಿಯಾಗಿತ್ತು.

ಡೆಟ್ರಾಯಿಟ್ ಮಳಿಗೆ ಉಳಿದು ಇದು ಮುಚ್ಚಿದ್ದಕ್ಕೆ ಕಾರಣ ಹುಡುಕಲು ಅಕ್ಕಪಕ್ಕ ನೋಡಿದರೆ ಸಾಕು. ಮಿಡ್‌ಟೌನ್‌ನಲ್ಲಿ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯವಿದೆ, ದೊಡ್ಡ ಆಸ್ಪತ್ರೆಗಳಿವೆ. ಅಲ್ಲಿಯ ನೌಕರರೂ ವಿದ್ಯಾರ್ಥಿಗಳೂ ದಿನವೂ ಆ ದಾರಿಯಲ್ಲೇ ಓಡಾಡುತ್ತಾರೆ. ಎಂಗಲ್‌ವುಡ್‌ನಲ್ಲಿ ಜನಸಂಖ್ಯೆ ಇಳಿಯುತ್ತಲೇ ಇತ್ತು. 2020ರ ಜನಗಣತಿ ಸುಮಾರು 24,400 ಎಂದಿತು. ಗಿರಾಕಿಗಳೇ ಕಡಿಮೆಯಾಗುತ್ತಿದ್ದ ಕಡೆ ಒಂದು ಮಳಿಗೆ ಒಂಟಿಯಾಗಿ ಬಡಾವಣೆಯನ್ನು ಎತ್ತಲಾರದು. ಮನೆ, ಉದ್ಯೋಗ, ಸುರಕ್ಷತೆಯ ಕೆಲಸ ಜೊತೆಜೊತೆಗೇ ನಡೆಯಬೇಕಿತ್ತು.

ಅಂಗಡಿ ಬಂದ ಮಾತ್ರಕ್ಕೆ ಊಟ ಬದಲಾಗುತ್ತದೆಯೇ ಎಂಬುದೂ ಚರ್ಚೆಯ ವಿಷಯ. ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಮತ್ತು ಸಹಲೇಖಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡವರ ಮತ್ತು ಸಿರಿವಂತರ ಪೋಷಣೆಯ ಅಂತರದಲ್ಲಿ ಅಂಗಡಿಗಳ ಲಭ್ಯತೆಯ ಪಾಲು ಶೇ 10ರಷ್ಟು ಮಾತ್ರ. ಇದನ್ನು ಹಿಡಿದು ಬಡವರ ಬಡಾವಣೆಗೆ ಒಳ್ಳೆಯ ಅಂಗಡಿ ಬೇಡ ಎನ್ನುವುದು ತಪ್ಪು. ಕಾರಿಲ್ಲದ ಮನೆಯ ಹೆಂಗಸು ತರಕಾರಿ ಚೀಲ ಹೊತ್ತು ಬಸ್ಸು ಬದಲಿಸುವ ಕಷ್ಟ ಪೋಷಣೆಯ ಅಂಕಿಅಂಶದಲ್ಲಿ ಸಿಗುವುದಿಲ್ಲ.

ಇನ್ನೊಂದು ಆತಂಕ ಇದಕ್ಕೆ ತಿರುವುಮುರುವಾದದ್ದು. ದುಬಾರಿ ಅಂಗಡಿ ಗೆದ್ದರೆ ಬಾಡಿಗೆ ಏರಿ ಹಳಬರು ಜಾಗ ಬಿಡಬೇಕಾಗುತ್ತದೆ ಎಂಬ ಭಯ ಅದು. ಬಾಸ್ಟನ್‌ನ ಜಮೈಕಾ ಪ್ಲೇನ್‌ನಲ್ಲಿ 2011ರಲ್ಲಿ, ಲ್ಯಾಟಿನೊ ಕುಟುಂಬಗಳು ದಶಕಗಳಿಂದ ನೆಚ್ಚಿಕೊಂಡಿದ್ದ ಹೈ-ಲೊ ಅಂಗಡಿಯ ಜಾಗಕ್ಕೆ ಹೋಲ್ ಫುಡ್ಸ್ ಬಂದಾಗ ನಿವಾಸಿಗಳು ಬೀದಿಗಿಳಿದದ್ದು ಇದಕ್ಕೇ.

ನಂತರ

ನಗರದೊಡನೆ ಆದ ಒಪ್ಪಂದದಲ್ಲಿ, ಮಳಿಗೆ ತೆರವಾದರೆ ಹದಿನೆಂಟು ತಿಂಗಳೊಳಗೆ ಅಲ್ಲಿ ಇನ್ನೊಂದು ದಿನಸಿ ಅಂಗಡಿಯೇ ಬರಬೇಕೆಂಬ ಷರತ್ತಿತ್ತು. ಅಮೆರಿಕದಲ್ಲಿ ಮಳಿಗೆ ಬಿಟ್ಟು ಹೋಗುವ ಸರಣಿಗಳು, ಪ್ರತಿಸ್ಪರ್ಧಿ ಬಾರದಂತೆ ಆ ಜಾಗದ ಮೇಲೆ ನಿರ್ಬಂಧ ಬರೆಸಿ ಹೋಗುವುದುಂಟು. ಅಂಥದ್ದರ ನಡುವೆ ಈ ಷರತ್ತು ಬಹಳ ದೊಡ್ಡದು. ಅದರ ಕೊರತೆ, ಎಂಥ ಅಂಗಡಿ ಎಂಬುದನ್ನು ನಿವಾಸಿಗಳು ತೀರ್ಮಾನಿಸುವ ಅವಕಾಶ ಇಲ್ಲದಿದ್ದದ್ದು. ಅಗ್ಗದ ಸರಣಿ ಸೇವ್ ಎ ಲಾಟ್ ಬರುತ್ತದೆಂದು ತಿಳಿದಾಗ, ತಮ್ಮನ್ನು ಕೇಳದೆ ಆರಿಸಿದ್ದಾರೆಂದು ಹಲವರು ಪ್ರತಿಭಟಿಸಿದರು; ಮಳಿಗೆ ತೆರೆಯುವುದು ತಡವಾಯಿತು.

ಇದಕ್ಕೆಲ್ಲ ಮೊದಲೇ ಅದೇ 63ನೇ ರಸ್ತೆಯಲ್ಲಿ, ಅರ್ಧ ಮೈಲಿ ಪಶ್ಚಿಮಕ್ಕಿರುವ ರೇಸೀನ್ ಕೂಡುರಸ್ತೆಯ ಬಳಿ, ಇನ್ನರ್-ಸಿಟಿ ಮುಸ್ಲಿಂ ಆಕ್ಷನ್ ನೆಟ್‌ವರ್ಕ್ ಎಂಬ ಸಂಸ್ಥೆ ಸ್ಥಳೀಯ ಸಂಘಟನೆಗಳ ಜೊತೆಗೂಡಿ 2022ರ ಮಾರ್ಚ್‌ನಲ್ಲಿ ‘ಗೋ ಗ್ರೀನ್ ಕಮ್ಯುನಿಟಿ ಫ್ರೆಶ್ ಮಾರ್ಕೆಟ್’ ತೆರೆದಿತ್ತು. ಹೋಲ್ ಫುಡ್ಸ್‌ಗೆ ಹೋಲಿಸಿದರೆ ಚಿಕ್ಕದು. ತಾಜಾ ಹಣ್ಣು, ತರಕಾರಿ, ಸಿದ್ಧ ಊಟ ಅಲ್ಲಿ ಸಿಗುತ್ತದೆ. ಅದನ್ನು ಕಟ್ಟಿದವರು ಆ ಭಾಗದಲ್ಲೇ ವರ್ಷಗಳಿಂದ ಕೆಲಸ ಮಾಡಿಕೊಂಡು ಬಂದವರು.