ವಿದೇಶಿ ಹಳೇ ಕಾರು ರಿಪೇರಿ ಮಾಡಿಸಿದರೆ ‘ವಿಂಟೇಜ್’ ನಂಬರ್ ಸಿಕ್ಕೇಬಿಡುತ್ತದೆಯೇ? ಸತ್ಯಾಂಶ ಇಲ್ಲಿದೆ

“ಫಾರಿನ್ ಕಾರು, 30 ವರ್ಷ ದಾಟಿದೆ. ಸ್ವಲ್ಪ ಕೆಲಸ ಇದೆ, ಪೇಪರ್ ಇಲ್ಲದಿದ್ದರೂ ಪರವಾಗಿಲ್ಲ. ರೆಡಿ ಮಾಡಿಸಿ 20 ಸಾವಿರ ಕಟ್ಟಿದರೆ ವಿಂಟೇಜ್ ನಂಬರ್ ಗ್ಯಾರಂಟಿ. ಎಲ್ಲಿ ಬೇಕಾದರೂ ಓಡಿಸಿ.”

ಈ ವಾಟ್ಸ್ಆ್ಯಪ್ ಸಂದೇಶವನ್ನು ಮಾದನಾಯಕನಹಳ್ಳಿಯ ಓದುಗರೊಬ್ಬರು ನಮಗೆ ಕಳಿಸಿ, “ಅಡ್ವಾನ್ಸ್ ಕೊಡಬಹುದಾ?” ಎಂದು ಕೇಳಿದ್ದಾರೆ. ಅವರದು ತುಮಕೂರು ರಸ್ತೆ ಪಕ್ಕದ ಚಿಕ್ಕ ಲೇತ್ ವರ್ಕ್‌ಶಾಪ್. ಸಿಗದ ಬಿಡಿಭಾಗವನ್ನು ತಾವೇ ಕಡೆದುಕೊಳ್ಳಬಲ್ಲರು. ಆದರೆ ಕಾರಿನ ದಾಖಲೆಯನ್ನು ಯಾವ ಲೇತ್‌ನಲ್ಲೂ ಕಡೆಯಲು ಆಗುವುದಿಲ್ಲ. ಸಂದೇಶದಲ್ಲಿರುವ ಒಂದೊಂದೇ ಮಾತನ್ನು ನೋಡೋಣ.

30 ವರ್ಷ ದಾಟಿದರೆ ವಿಂಟೇಜ್ ಆಗುತ್ತದೆಯೇ?

ಇಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 30 ವರ್ಷದ ಲೆಕ್ಕ ಇಟ್ಟುಕೊಂಡಿದೆ, ಗೊಂದಲ ಬರುವುದು ಅಲ್ಲಿಂದ. ಭಾರತದ ಕಾನೂನು ಬೇರೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಮಾತ್ರ ವಿಂಟೇಜ್. ಆಮದಾದ ವಾಹನಕ್ಕೂ ಇದೇ ಲೆಕ್ಕ. ಅಂದರೆ 1990ರಲ್ಲಿ ನೋಂದಣಿಯಾದ ಕಾರು ವಿಂಟೇಜ್ ಆಗಬೇಕಾದರೆ 2040 ದಾಟಬೇಕು.

ಹೊರದೇಶದಿಂದ ತರಿಸಲು ಅವಕಾಶ ಇದೆಯೇ?

ಇದೆ, ಆದರೆ ಎಲ್ಲ ಹಳೇ ಕಾರಿಗೂ ಅಲ್ಲ. ಮೊದಲು 1950ಕ್ಕಿಂತ ಹಿಂದೆ ತಯಾರಾದ ವಿಂಟೇಜ್ ಕಾರುಗಳಿಗಷ್ಟೇ ಅವಕಾಶವಿತ್ತು. 2025ರಲ್ಲಿ ಆಮದು ನೀತಿ ಸಡಿಲವಾಗಿ, 50 ವರ್ಷ ದಾಟಿದ ವಾಹನಗಳಿಗೆ ಅನುಮತಿ ಸಿಕ್ಕಿತು. ಇನ್ನು ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರು ಆಮದು ಮಾಡಬೇಕಾದರೆ ಅದು ತಯಾರಾಗಿ 3 ವರ್ಷ ಮೀರಿರಬಾರದು. ಹೀಗಾಗಿ 30-35 ವರ್ಷದ ಕಾರು ಈ ಎರಡು ಬಾಗಿಲಿನಲ್ಲೂ ಒಳಗೆ ಬರುವುದಿಲ್ಲ. ಅಂಥ ಕಾರನ್ನು “ಈಗಷ್ಟೇ ಇಂಪೋರ್ಟ್ ಆಗಿದೆ” ಎಂದು ಮಾರುತ್ತಿದ್ದರೆ ಅಲ್ಲೇ ಅನುಮಾನಪಡಿ.

ರಿಪೇರಿ ಮಾಡಿಸಿದರೆ ತೊಂದರೆಯೇ?

ಎಲ್ಲರೂ ಎಡವುವುದು ಇಲ್ಲೇ. ವಾಹನ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಮಟ್ಟದ ಬದಲಾವಣೆ ಆಗಿರಬಾರದು ಎನ್ನುತ್ತದೆ ನಿಯಮ. ಚಾಸಿ, ಬಾಡಿ ಶೆಲ್, ಎಂಜಿನ್ ಈ ಮೂರನ್ನು ಹೆಸರಿಸಿಯೇ ಹೇಳಿದೆ. ಬಣ್ಣ, ಸೀಟು, ವೈರಿಂಗ್, ಬ್ರೇಕ್ ಕೆಲಸದ ಹೆಸರು ಅಲ್ಲಿಲ್ಲ. ಆದರೆ ಮೂಲ ಪೆಟ್ರೋಲ್ ಎಂಜಿನ್ ಕೆಟ್ಟಿದೆ ಎಂದು ಇಲ್ಲಿ ಸಿಗುವ ಡೀಸೆಲ್ ಎಂಜಿನ್ ಕೂರಿಸಿದರೆ, ಲಕ್ಷಾಂತರ ಖರ್ಚು ಮಾಡಿಯೂ ವಿಂಟೇಜ್ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಕಾರು ನೋಡಿ ತೀರ್ಮಾನಿಸುವುದು ರಾಜ್ಯದ ನೋಡಲ್ ಅಧಿಕಾರಿ ರಚಿಸುವ ಸಮಿತಿ, ಮಾರಾಟಗಾರನಲ್ಲ. ಆದ್ದರಿಂದ ಬಿಚ್ಚುವ ಮೊದಲೇ ಚಾಸಿ ಮತ್ತು ಎಂಜಿನ್ ನಂಬರಿನ ಫೋಟೊ ತೆಗೆದಿಡಿ. ಪ್ರತಿ ಕೆಲಸದ ಬಿಲ್ ಜೋಪಾನ ಮಾಡಿ.

ನೋಂದಣಿ ಹೇಗೆ ನಡೆಯುತ್ತದೆ?

ಪರಿವಾಹನ್ ಪೋರ್ಟಲ್‌ನಲ್ಲಿ ಫಾರ್ಮ್ 20 ಅರ್ಜಿ ಹಾಕಬೇಕು. ಜೊತೆಗೆ ವಿಮೆ ಪಾಲಿಸಿ ಮತ್ತು ಶುಲ್ಕ. ಆಮದಾದ ಕಾರಾದರೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ದಾಖಲೆ ಬೇಕು. ಭಾರತದಲ್ಲಿ ಈಗಾಗಲೇ ನೋಂದಣಿಯಾಗಿದ್ದರೆ ಹಳೇ ಆರ್‌ಸಿ ಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಅರ್ಜಿ ಸರಿಯಿದ್ದರೆ 60 ದಿನದೊಳಗೆ ಫಾರ್ಮ್ 23ಎ ರೂಪದಲ್ಲಿ ನೋಂದಣಿ ಪತ್ರ ಕೊಡಬೇಕು, ಅದರ ಅವಧಿ 10 ವರ್ಷ.

ಹೊಸ ನಂಬರಿನಲ್ಲಿ ರಾಜ್ಯದ ಕೋಡ್ ಆದಮೇಲೆ ‘ವಿಎ’ ಎಂದಿರುತ್ತದೆ. ಮೊದಲೇ ನೋಂದಣಿಯಾದ ಕಾರಿಗೆ ಹಳೇ ನಂಬರ್ ಉಳಿಸಿಕೊಳ್ಳಬಹುದು. ತಾತನ ಕಾಲದ ಕಾರಿನಲ್ಲಿ ಮೈಸೂರು ರಾಜ್ಯದ ‘ಎಂವೈ’ ನಂಬರ್ ಇದ್ದರೆ ಅದನ್ನು ಅಳಿಸಬೇಕಿಲ್ಲ.

ಎಲ್ಲಿ ಬೇಕಾದರೂ ಓಡಿಸಬಹುದೇ?

ಇಲ್ಲ. ವಿಂಟೇಜ್ ಕಾರನ್ನು ದಿನನಿತ್ಯದ ಓಡಾಟಕ್ಕೂ, ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇವಕ್ಕಷ್ಟೇ ರಸ್ತೆಗಿಳಿಸಬಹುದು. ಮಾದಾವರದ ಬಿಐಇಸಿಯಲ್ಲಿ ವಿಂಟೇಜ್ ಪ್ರದರ್ಶನವಿದ್ದರೆ ಮಾದನಾಯಕನಹಳ್ಳಿಯಿಂದ ಓಡಿಸಿಕೊಂಡು ಹೋಗಬಹುದು. ಅದೇ ಕಾರಿನಲ್ಲಿ ದಿನಾ ಪೀಣ್ಯಕ್ಕೆ ಕೆಲಸಕ್ಕೆ ಹೋಗುವಂತಿಲ್ಲ, ಮದುವೆಗೆ ಬಾಡಿಗೆ ಕೊಡುವಂತೆಯೂ ಇಲ್ಲ.

ನೋಂದಣಿ ಆಗುವ ಮೊದಲು ಗ್ಯಾರೇಜಿಗೆ ಸಾಗಿಸಬೇಕಾದರೆ ಲಾರಿ ಮೇಲೆ ಹೇರಿಕೊಂಡು ಹೋಗಿ. ನೋಂದಣಿ ಇಲ್ಲದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 192ರಡಿ ಮೊದಲ ಸಲಕ್ಕೇ 2,000ದಿಂದ 5,000 ರೂಪಾಯಿ ದಂಡವಿದೆ.

ಆರ್‌ಸಿ ಇದೆ, ಇನ್ನೇನು ಭಯ?

ಆರ್‌ಸಿ ಒಂದೇ ಸಾಲದು. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ಆಪರೇಷನ್ ನುಮ್ಖೋರ್’ ಹೆಸರಿನಲ್ಲಿ ಕೇರಳದ ಹಲವೆಡೆ ಶೋಧ ನಡೆಸಿದರು. ಭೂತಾನ್‌ನಿಂದ ಕಳ್ಳಸಾಗಣೆಯಾಗಿ, ನಕಲಿ ದಾಖಲೆ ಮೂಲಕ ಬೇರೆ ರಾಜ್ಯಗಳಲ್ಲಿ ನೋಂದಣಿಯಾಗಿವೆ ಎಂಬ ಆರೋಪದ ಮೇಲೆ ಹಲವು ವಾಹನಗಳನ್ನು ವಶಕ್ಕೆ ಪಡೆದರು. ನಂಬರ್ ಪ್ಲೇಟ್ ಇದ್ದ ವಾಹನಗಳೇ ಹೀಗೆ ಸಿಕ್ಕಿಬಿದ್ದವು. ಹೀಗೆ ಜಪ್ತಿಯಾದಾಗ ಕಾರು ಹೋಗುವುದು ಕೊಂಡವರ ಮನೆಯಂಗಳದಿಂದ.

ದುಡ್ಡು ಕೊಡುವ ಮುನ್ನ ಇಷ್ಟು ಮಾಡಿ

• ಬಿಲ್ ಆಫ್ ಎಂಟ್ರಿ ಅಥವಾ ಹಳೇ ಆರ್‌ಸಿಯ ಮೂಲ ಪ್ರತಿ ನೋಡಿ. ವಾಟ್ಸ್ಆ್ಯಪ್ ಫೋಟೊ ನಂಬಬೇಡಿ.
• ಅದರಲ್ಲಿನ ಚಾಸಿ ನಂಬರನ್ನು ಕಾರಿನ ಮೇಲಿನ ನಂಬರಿಗೆ ನೀವೇ ಹೋಲಿಸಿ.
• ಮೊದಲ ನೋಂದಣಿಯ ವರ್ಷ ನೋಡಿ 50 ಲೆಕ್ಕ ಹಾಕಿ.
• ಎಂಜಿನ್ ಬದಲಾಗಿದೆಯೇ ಎಂದು ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ.
• ನಿಮ್ಮ ಆರ್‌ಟಿಒ ಕಚೇರಿಯಲ್ಲಿ ದಾಖಲೆ ತೋರಿಸಿ ವಿಚಾರಿಸಿ.

ನಮ್ಮ ತೀರ್ಮಾನ: ಸಂದೇಶದಲ್ಲಿ 20 ಸಾವಿರದ ಶುಲ್ಕ ಮಾತ್ರ ನಿಜ. 30 ವರ್ಷ, ಪೇಪರ್ ಇಲ್ಲದೆ ಗ್ಯಾರಂಟಿ, ಎಲ್ಲಿ ಬೇಕಾದರೂ ಓಡಿಸಿ ಎಂಬ ಮೂರೂ ಮಾತು ತಪ್ಪು. ಓದುಗರಿಗೆ ನಾವು ಕೊಟ್ಟ ಉತ್ತರವೂ ಇಷ್ಟೇ: ಮೊದಲು ಕಾಗದ, ಆಮೇಲೆ ಸ್ಪ್ಯಾನರ್. ಈ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ, ಯಾರಾದರೂ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಅಲ್ಲಿಗೆ ಕಳಿಸಿ.